ಪಚ್ಚಕ್ಕ ಬೆಳಕು ಬಿಟ್ಟುಕೊಟ್ಟದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ನವಿಲಿಗೆ ಬಣ್ಣ ಬಂದಿರಲಿಲ್ಲ, ಆಮೆಯ ಚಿಪ್ಪು ಗಟ್ಟಿಯಾಗಿರಲಿಲ್ಲ. ಹಳ್ಳ ಮಾತಾಡಿದರೆ ಗಾಳಿ ನಿಂತು ಕೇಳುತ್ತಿತ್ತು.

ಆ ಹಳ್ಳದ ದಡದಲ್ಲಿ ಒಂದೆಲಗದ ಗಿಡವೊಂದು ಆಗಷ್ಟೇ ಎಲೆ ಬಿಚ್ಚಿತ್ತು. ಎಲೆಯ ತುಂಬ ಪುಟ್ಟ ಪುಟ್ಟ ಮನೆಗಳು. ಎಷ್ಟು ಪುಟ್ಟವು ಅಂದರೆ, ಒಂದು ಸಾಸಿವೆ ಕಾಳು ಇಟ್ಟರೆ ಸಾವಿರ ಮನೆ ಮುಚ್ಚಿಹೋಗುತ್ತಿದ್ದವು. ಅವುಗಳ ಗೋಡೆಗಳೋ, ಹಳ್ಳದ ನೀರಿನಷ್ಟು ತಿಳಿ. ಬೆಳಕು ಬಾಗಿಲು ತಟ್ಟದೆಯೇ ಒಳಗೆ ಬರುತ್ತಿತ್ತು.

ಅಂಥದೊಂದು ಮನೆಯಲ್ಲಿ ಪಚ್ಚಕ್ಕ ಇದ್ದಳು. ಹಸುರು ಕಾಳಿನಂಥ ಮೈ. ಜೊತೆಗೆ ನಲವತ್ತು ಜನ ತಂಗಿಯರು. ಅವರೆಲ್ಲರ ಕೆಲಸ ಅಡಿಗೆ. ಬೇರು ಕಳಿಸಿದ ನೀರು, ಗಾಳಿ ತಂದ ಉಸಿರು, ಸೂರ್ಯ ಕೊಟ್ಟ ಬೆಳಕು, ಇಷ್ಟರಿಂದಲೇ ಸಿಹಿ ಮಾಡುತ್ತಿದ್ದರು. ಒಬ್ಬೊಬ್ಬಳ ಹೊಟ್ಟೆಯೊಳಗೂ ತೆಳ್ಳನೆಯ ತಟ್ಟೆಗಳು, ದೋಸೆ ಪೇರಿಸಿದ ಹಾಗೆ. ಬೆಳಕು ಹಿಡಿಯುವುದು ಆ ತಟ್ಟೆಗಳಲ್ಲೇ.

ಮೊದಮೊದಲು ಅವರೆಲ್ಲ ಮನೆಯ ನಡುವೆ ಗುಂಪಾಗಿ ಕೂರುತ್ತಿದ್ದರು. ಗಾಳಿ ತಂದ ಉಸಿರು ಗೋಡೆ ದಾಟಿ ಅಲ್ಲಿಯ ತನಕ ಬರುವಷ್ಟರಲ್ಲಿ ಒಲೆ ತಣ್ಣಗಾಗುತ್ತಿತ್ತು.

ಮನೆಯ ನೀರನ್ನು ಕೂಡಿಡುತ್ತಿದ್ದ ನೀರವ್ವ ಮೂಲೆಯಿಂದ ಇದನ್ನೆಲ್ಲ ನೋಡಿದಳು. "ಪಚ್ಚಾ, ನಡುಮನೆ ನನಗೆ ಬಿಡು ತಾಯಿ. ನೀವೆಲ್ಲ ಗೋಡೆ ಬದಿಗೆ ಹೋಗಿ. ಉಸಿರು ಬಂದ ತಕ್ಷಣ ಕೈಗೆ ಸಿಗುತ್ತೆ" ಅಂದಳು.

ನೀರವ್ವ ನಡುವೆ ಬಂದು ಕೂತಳು. ಕೂತವಳು ಉಬ್ಬಿದಳು, ಇನ್ನೂ ಉಬ್ಬಿದಳು. ಮನೆ ಬಿಗಿಯಾಗಿ ಎದ್ದು ನಿಂತಿತು. ತಂಗಿಯರು ಗೋಡೆಗೆ ಒತ್ತಿಕೊಂಡರು. ಅವತ್ತಿನಿಂದ ಒಲೆ ಆರಲಿಲ್ಲ.

ಆಮೇಲೆ ಸೂರ್ಯನಿಗೆ ಪ್ರಾಯ ಬಂತು. ಮಧ್ಯಾಹ್ನವಾದರೆ ಕೆಂಡ ಸುರಿದಂಥ ಬಿಸಿಲು. ಪಚ್ಚಕ್ಕನಿಗೆ ಎಲ್ಲಿಲ್ಲದ ಹುರುಪು. "ಬನ್ರೇ, ಎಲ್ಲರೂ ಮೇಲಿನ ಗೋಡೆಗೆ ಬನ್ನಿ! ಒಂದು ಹನಿ ಬೆಳಕೂ ಪೋಲಾಗಬಾರದು."

ಗಾಳಿ ಹೊರಗಿನಿಂದ ಕೂಗಿತು: "ಪಚ್ಚಕ್ಕಾ, ಇದು ನಿನ್ನೆಯ ಬಿಸಿಲಲ್ಲ. ಸ್ವಲ್ಪ ಸರಿದು ನಿಂತ್ಕೊ."

"ಸರಿದರೆ ಬೇರಿಗೆ ಉಣ್ಣೋಕೆ ಕೊಡೋರು ಯಾರು? ನೀನಾ?" ಎಂದಳು ಪಚ್ಚಕ್ಕ.



ನಾಲ್ಕನೆಯ ಮಧ್ಯಾಹ್ನ ಎಲ್ಲರಿಗಿಂತ ಕಿರಿಯಳಾದ ತುಂತುರಿ ಮಾತಾಡಲಿಲ್ಲ. ಪಚ್ಚಕ್ಕ ತಿರುಗಿ ನೋಡಿದರೆ ಅವಳ ಮೈ ಬಿಳಿಚಿಕೊಂಡಿದೆ, ಹೊಟ್ಟೆಯೊಳಗಿನ ತಟ್ಟೆಗಳು ಬಿರುಕು ಬಿಟ್ಟಿವೆ.

"ತುಂತುರೀ! ಯಾಕೇ ಹೇಳಲಿಲ್ಲ?"

"ನೀನು ಬೈತೀಯ ಅಂತ, ಅಕ್ಕ."

ಮನೆಯೊಳಗೆ ಗೋಡೆಗುಂಟ ತೆಳುಗಂಜಿಯಂಥ ಒಂದು ಹರಿವು ಸದಾ ಸುತ್ತುತ್ತಿತ್ತು. ಪಚ್ಚಕ್ಕ ತಂಗಿಯನ್ನು ತಬ್ಬಿಕೊಂಡು ಆ ಹರಿವಿಗೆ ಮೈಬಿಟ್ಟಳು. ಅದು ಇಬ್ಬರನ್ನೂ ಪಕ್ಕದ ಗೋಡೆಗೆ ತಂದು ಬಿಟ್ಟಿತು. ಅಲ್ಲಿ ತಂಗಿಯನ್ನು ಹಿಂದಕ್ಕೆ ನಿಲ್ಲಿಸಿ, ತಾನು ಬಿಸಿಲಿಗೆ ಮುಂದಾಗಿ, ಅಗಲವಾದ ಮೈಯನ್ನು ಅಡ್ಡ ತಿರುಗಿಸಿ ಅಂಚು ಮಾತ್ರ ಮೇಲೆ ಮಾಡಿ ನಿಂತಳು. ಉರಿ ಕಡಿಮೆಯಾಯಿತು. ಹಿಂದಿದ್ದ ತುಂತುರಿಯ ಮೇಲೆ ಅವಳ ನೆರಳು ಬಿತ್ತು.

"ಎಲ್ಲರೂ ಇಲ್ಲಿಗೆ ಬನ್ರೇ! ಒಬ್ಬರ ಹಿಂದೆ ಒಬ್ಬರು. ಅಡ್ಡಡ್ಡ ನಿಂತ್ಕೊಳ್ಳಿ."

ತಂಗಿಯರು ಹರಿವು ಹಿಡಿದು ಬಂದರು. ಮೇಲಿನ ಗೋಡೆ ಖಾಲಿಯಾಯಿತು. ಪಚ್ಚಕ್ಕ ಅದನ್ನೇ ನೋಡುತ್ತ ನಿಂತಳು. ಎಷ್ಟೊಂದು ಬೆಳಕು ಸುಮ್ಮನೆ ಹಾದುಹೋಗುತ್ತಿದೆ! ಇನ್ನು ಬೇರಿನ ಗತಿ ಏನು?

ಅಷ್ಟರಲ್ಲಿ ಗೋಡೆಯ ಸಣ್ಣ ಸಂದಿನಿಂದ ಒಂದು ದನಿ ಬಂತು. ಕೆಳಮನೆಯವರದು. ಮೇಲಿನವರ ನೆರಳಲ್ಲೇ ಹುಟ್ಟಿ, ಅರೆಹೊಟ್ಟೆಯಲ್ಲೇ ಬೆಳೆದವರು ಅವರು.

"ಮೇಲ್ಮನೆ ಅಕ್ಕಾ, ಇದೇನಿದು? ನಮ್ಮಲ್ಲಿ ಬೆಳಕು ಬಂದಿದೆ! ಒಲೆ ಹೊತ್ತಿಕೊಂಡಿದೆ!"

ಪಚ್ಚಕ್ಕ ಸಂದಿಗೆ ಬಾಯಿಟ್ಟು ಹೇಳಿದಳು: "ಚೆನ್ನಾಗಿ ಅಡಿಗೆ ಮಾಡ್ರಮ್ಮ. ಇವತ್ತು ಬೇರಿಗೆ ನೀವೇ ಬಡಿಸಿ."

ಆ ದಿನ ಬೇರು ಹೊಟ್ಟೆತುಂಬ ಉಂಡಿತು. ಸಂಜೆ ಬಿಸಿಲು ಇಳಿದ ಮೇಲೆ ತುಂತುರಿ ಒಡೆದ ತಟ್ಟೆಗಳನ್ನು ಒಂದೊಂದಾಗಿ ತಿದ್ದಿಕೊಳ್ಳುತ್ತಾ ಕೂತಳು. ಪಚ್ಚಕ್ಕ ಅವಳ ಪಕ್ಕದಿಂದ ಕದಲಲಿಲ್ಲ. ಬೆಳಗಿನ ಎಳೆಬಿಸಿಲಿಗೆ ತಂಗಿಯ ಮೈ ಮತ್ತೆ ಹಸುರಾಯಿತು. ಅಕ್ಕತಂಗಿಯರು ಸಾಲಾಗಿ ಮೇಲಿನ ಗೋಡೆಗೆ ಹೋಗಿ ಹರಡಿಕೊಂಡರು.

ಸಂದಿನಿಂದ ಸಂದಿಗೆ ಸುದ್ದಿ ದಾಟಿತು. ಎಲೆಯ ಮನೆಮನೆಯಲ್ಲೂ ಅದೇ ರೂಢಿಯಾಯಿತು. ಹಳ್ಳ ಆ ಸುದ್ದಿಯನ್ನು ಹರಿದಲ್ಲೆಲ್ಲ ಹೇಳಿತು, ಗಾಳಿ ಹೋದಲ್ಲೆಲ್ಲ ಹೇಳಿತು.

ಅದಕ್ಕೇ ಮಗು, ಸುಡುವ ಮಧ್ಯಾಹ್ನ ಒಂದು ಎಲೆಯ ಮೇಲೆ ಕಾಗದದ ಪಟ್ಟಿ ಮುಚ್ಚಿಟ್ಟು, ತುಸು ಹೊತ್ತಾದ ಮೇಲೆ ಎತ್ತಿ ನೋಡಿದರೆ, ನೆರಳಿದ್ದಷ್ಟು ಜಾಗ ಕಡುಹಸುರು, ಬಿಸಿಲು ಬಿದ್ದ ಜಾಗ ತುಸು ತಿಳಿಹಸುರು ಕಾಣುತ್ತದೆ: ಆ ತಿಳಿಹಸುರಿನಲ್ಲಿ ಪಚ್ಚಕ್ಕನ ವಂಶದವರು ಪಕ್ಕದ ಗೋಡೆಗೆ ಸರಿದು, ಕೆಳಮನೆಯವರಿಗೆ ಬೆಳಕು ಬಿಟ್ಟುಕೊಟ್ಟು ನಿಂತಿದ್ದಾರೆ.