ಮೂವತ್ತೆಂಟು ಮಿಲಿಮೀಟರ್

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮಕ್ಕೊಂದು ಎಂಜಿನಿಯರಿಂಗ್ ಕಾಲೇಜು. ಅದರ ಮೆಕ್ಯಾನಿಕಲ್ ಪ್ರಯೋಗಾಲಯ ಹಿಂದೆ ದನದ ಕೊಟ್ಟಿಗೆಯಾಗಿತ್ತು. ಗೋದಲಿಯ ಮೇಲೆ ಹಲಗೆ ಹಾಸಿ ಮೇಜು ಮಾಡಿದ್ದರು.

ಮಾಡಿದವರು ಗುರು ಅಡವೀಶರು. ತೂಕಕ್ಕೆ ಹೊಳೆಯ ಮರಳು ತುಂಬಿದ ಡಬ್ಬಿಗಳು. ತಿರುಗುವ ಚಕ್ರ ಹಳೆಯ ಹೊಲಿಗೆ ಯಂತ್ರದ್ದು. ತೊಲೆಗೆ ತೂಗುಹಾಕಿದ ಸ್ಪ್ರಿಂಗು ಜಾಲರಿ ಬಾಗಿಲಿನಿಂದ ಬಿಚ್ಚಿದ್ದು.

ಶಿಷ್ಯ ಕೊಟ್ರೇಶ ಪಟ್ಟಣದಲ್ಲಿ ಓದಿ ಬಂದವನು. ಅಲ್ಲಿನ ಯಂತ್ರಗಳಿಗೆ ಹೊದಿಕೆಯಿತ್ತು. ಆಯುಧಪೂಜೆಯ ದಿನ ತೆಗೆದು, ಕುಂಕುಮ ಹಚ್ಚಿ, ಮತ್ತೆ ಹೊದಿಸುತ್ತಿದ್ದರು. ಅವುಗಳ ಮೇಲೆ ಅವನಿಗೆ ಎಂದೂ ಅನುಮಾನ ಬಂದಿರಲಿಲ್ಲ.

ಇಲ್ಲಿಗೆ ಬಂದ ದಿನದಿಂದ ಅನುಮಾನವೇ ಅನುಮಾನ.

ನಾಳಿದ್ದು ತಪಾಸಣೆಯವರು ಬರುವವರಿದ್ದರು. 'ಇಲ್ಲಿನ ಉಪಕರಣಗಳನ್ನು ನಂಬಬಹುದು' ಎಂಬ ಪತ್ರಕ್ಕೆ ಪ್ರಯೋಗಾಲಯ ನೋಡಿಕೊಳ್ಳುವ ಕೊಟ್ರೇಶ ಸಹಿ ಹಾಕಬೇಕು. ಹಾಕದಿದ್ದರೆ ವಿಭಾಗಕ್ಕೆ ಬೀಗ, ನಲವತ್ತು ವಿದ್ಯಾರ್ಥಿಗಳು ಮನೆಗೆ. ಸುಳ್ಳೇ ಹಾಕಿದರೆ ಕೆಡುವ ಹೆಸರು ಅವನದು.

ಅವನು ಮರಳಿನ ಡಬ್ಬಿಗಳನ್ನು ಚೀಲದಲ್ಲಿಟ್ಟು ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದ. ಸರಿಯಾಗಿದ್ದವು. ಅಂಗಡಿಯ ತಕ್ಕಡಿಯ ಮೇಲೆ ಅನುಮಾನ ಬಂತು. ಇನ್ನೊಂದು ಅಂಗಡಿಗೆ ಹೋದ. ಅಲ್ಲಿಯೂ ಸರಿಯಾಗಿದ್ದವು. ಇಬ್ಬರೂ ಅಂಗಡಿಯವರು ಅಣ್ಣತಮ್ಮಂದಿರೆಂದು ಆಮೇಲೆ ತಿಳಿಯಿತು.

ಸಂಜೆ ಸ್ಪ್ರಿಂಗಿಗೆ ಗುಟ್ಟಾಗಿ ಒಂದು ಕೆಂಪು ದಾರ ಕಟ್ಟಿದ.

ಬೆಳಿಗ್ಗೆ ಗುರುಗಳು ಸ್ನಾನ ಮುಗಿಸಿ, ಜೋಳಿಗೆ ಹೆಗಲಿಗೆ ಹಾಕಿಕೊಂಡು ಒಬ್ಬರೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಕೊಟ್ರೇಶ ಒಳಗೆ ಓಡಿದ. ಸ್ಪ್ರಿಂಗಿನಲ್ಲಿ ದಾರ ಇರಲಿಲ್ಲ.

"ಗುರುಗಳೇ, ನೀವು ಉಪಕರಣ ಮುಟ್ಟಿದ್ದೀರಿ."

"ಮುಟ್ಟದೆ ಕಲಿಸೋದು ಹೇಗಪ್ಪಾ?"

"ಯಾರೂ ಇಲ್ಲದಾಗ ಮುಟ್ಟಿದ್ದೀರಿ. ನಾನು ಸಹಿ ಹಾಕೋದಿಲ್ಲ."

"ಹಾಕಬೇಡ. ಎರಡು ಕಿಲೋ ಡಬ್ಬಿ ತೂಗುಹಾಕು. ಸ್ಪ್ರಿಂಗು ಎಷ್ಟು ಜಗ್ಗುತ್ತೆ ಅಂತ ಬರಿ."

ಕೊಟ್ರೇಶ ಅಳೆದ. ಐವತ್ತೊಂದು ಮಿಲಿಮೀಟರ್. ಮತ್ತೆ ಅಳೆದ. ಐವತ್ತೊಂದು. ಹಾಗೆಯೇ ಬರೆದುಕೊಂಡ.

ಆಮೇಲೆ ಕಪಾಟಿನಿಂದ ಹೋದ ವರ್ಷದ ರೆಕಾರ್ಡ್ ಪುಸ್ತಕ ತೆಗೆದು ನೋಡಿದ. ಮೂವತ್ತೆಂಟು. ಇನ್ನೊಂದು ತೆಗೆದ. ಮೂವತ್ತೆಂಟು. ನಲವತ್ತು ಪುಸ್ತಕಗಳಲ್ಲೂ, ಒಂದೇ ಜಾಗದಲ್ಲಿ, ಮೂವತ್ತೆಂಟು.

ಅವನ ಕೈ ರಬ್ಬರ್ ಹುಡುಕಿತು. ಪಟ್ಟಣದ ಕಾಲೇಜಿನಲ್ಲಿ ನಾಲ್ಕು ವರ್ಷ ಪಳಗಿದ ಕೈ. ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐವತ್ತೊಂದನ್ನು ಅಳಿಸಿ, ಮೂವತ್ತೆಂಟು ಬರೆದು, ಅಡಿಗೆರೆ ಎಳೆಯಿತು.

"ಎಷ್ಟು ಬಂತು?" ಎಂದರು ಗುರುಗಳು.

"ಮೂವತ್ತೆಂಟು, ಗುರುಗಳೇ."

ಗುರುಗಳು ಜೋಳಿಗೆಯಿಂದ ಒಂದು ಸ್ಪ್ರಿಂಗು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಕೆಂಪು ದಾರ ಕಟ್ಟಿತ್ತು.

"ಮೂವತ್ತೆಂಟು ಜಗ್ಗೋದು ಇದು. ತೊಲೆಯಲ್ಲಿರೋದು ಬೇರೆ."

ಕೊಟ್ರೇಶ ದಾರದ ಗಂಟನ್ನು ತಿರುಗಿಸಿ ನೋಡಿದ.

"ಹೋದ ವರ್ಷ ಒಬ್ಬ ಅಳೆದ. ಉಳಿದವರು ಅವನ ಪುಸ್ತಕ ನೋಡಿ ಬರೆದರು. ಈ ವರ್ಷದವರು ಆ ಪುಸ್ತಕಗಳನ್ನ ಆಗಲೇ ಎರವಲು ಕೇಳ್ತಿದ್ದಾರೆ. ಅದಕ್ಕೇ ದಿನಾ ಬೆಳಿಗ್ಗೆ ಸ್ಪ್ರಿಂಗು ಬದಲಾಯಿಸ್ತೀನಿ. ಪಟ್ಟಣದ ಯಂತ್ರವಾಗಿದ್ದರೆ ಆಗ್ತಿರಲಿಲ್ಲ. ಇದು ಬಾಗಿಲಿನ ಸ್ಪ್ರಿಂಗು, ಆಗುತ್ತೆ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಪ್ರಯೋಗಾಲಯ ನೋಡಿಕೊಳ್ಳೋನು. ನಿನ್ನ ಅಳತೆಯೂ ಗೊತ್ತಾಗಬೇಕಿತ್ತು."

ಹೊಳೆಯ ಕಡೆಯಿಂದ ವಿದ್ಯಾರ್ಥಿಗಳ ಮಾತು ಕೇಳಿಸತೊಡಗಿತು.

"ಡಬ್ಬಿ ಮೇಲೆ ಅನುಮಾನಪಟ್ಟೆ," ಎಂದರು ಗುರುಗಳು. "ಮರಳಿನ ಮೇಲೆ, ತಕ್ಕಡಿ ಮೇಲೆ, ನನ್ನ ಮೇಲೆ. ಪುಸ್ತಕದ ಮೇಲೆ ಮಾತ್ರ ಬರಲಿಲ್ಲ."

ಕೊಟ್ರೇಶ ಮೂವತ್ತೆಂಟನ್ನು ಹೊಡೆದುಹಾಕಿ ಪಕ್ಕದಲ್ಲಿ ಐವತ್ತೊಂದು ಬರೆದ. ಈ ಸಲ ರಬ್ಬರ್ ಮುಟ್ಟಲಿಲ್ಲ. ಆಮೇಲೆ ತಪಾಸಣೆಯ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದ.

"ಈಗ ನಂಬಿಕೆ ಬಂತು, ಗುರುಗಳೇ. ಎಲ್ಲಿ ಸಹಿ ಹಾಕಲಿ?"

ಗುರುಗಳು ಪತ್ರವನ್ನು ಮೆಲ್ಲಗೆ ಆಚೆ ಸರಿಸಿದರು. ಜೋಳಿಗೆಯಿಂದ ಮೂರನೆಯ ಸ್ಪ್ರಿಂಗು ತೆಗೆದು ತೊಲೆಗೆ ಸಿಕ್ಕಿಸಿದರು.

"ಮೊದಲು ಇದನ್ನ ಅಳೆ. ನನ್ನ ಮೇಲಿನ ಅನುಮಾನ ಅಷ್ಟು ಬೇಗ ಬಿಡಬೇಡಪ್ಪಾ."