ಎರಡಕ್ಕೆ ಮೂರು

ಏನನ್ನಾದರೂ ಕೇಳುವ ಮೊದಲು ದಾಕ್ಷಾಯಿಣಿ ಆ ಪ್ರಶ್ನೆಯನ್ನು ಎಡ ಅಂಗೈಯ ಮೇಲೆ ಬೆರಳಿನಿಂದ ಬರೆದು ನೋಡುತ್ತಿದ್ದಳು. ಬರೆದದ್ದು ಯಾರಿಗೂ ಕಾಣುತ್ತಿರಲಿಲ್ಲ. ಎಷ್ಟೋ ಪ್ರಶ್ನೆಗಳು ಅಂಗೈಯಲ್ಲೇ ಉಳಿದುಬಿಡುತ್ತಿದ್ದವು. ಆ ದಿನ ಮೂರು ಸಲ ಬರೆದಳು. ಆಮೇಲೆ ಕೇಳಿದಳು.

“ಗುರುಗಳೇ, ಒಂದು ಖಾತೆ ನೂರಕ್ಕೆ ಮೂರು ಬಡ್ಡಿ ಕೊಡುತ್ತದೆ, ಇನ್ನೊಂದು ಎಂಟೂವರೆ. ಎಂಟೂವರೆಯದನ್ನೇ ಆರಿಸಬೇಕಲ್ಲವೆ?”

ಉಳಿದ ಶಿಷ್ಯರು ನಕ್ಕರು. ಜನ ಇಲ್ಲಿಗೆ ಜನ್ಮದ ಲೆಕ್ಕ ಕೇಳಲು ಬಂದರೆ ಇವಳು ಬ್ಯಾಂಕಿನ ಲೆಕ್ಕ ತಂದಿದ್ದಾಳೆ ಎಂದು ಒಬ್ಬ ಪಕ್ಕದವನಿಗೆ ಹೇಳಿದ. ಗುರುಗಳು ನಗಲಿಲ್ಲ. ದುಡ್ಡು ಎಷ್ಟಿದೆ, ಯಾತಕ್ಕೆ ಬೇಕು ಎಂದು ವಿಚಾರಿಸಿದರು.

ಅವಳಿಗೆ ಹದಿನಾರು ವರ್ಷ. ಸಂಜೆ ನೆರೆಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಹದಿನೆಂಟು ಸಾವಿರ ಕೂಡಿಸಿದ್ದಳು. ಪಿಯುಸಿ ಮುಗಿದ ಮೇಲೆ ಮುಂದೆ ಓದಲು ಅದು ಬೇಕಿತ್ತು. ಎಂಟೂವರೆಯ ಅರ್ಜಿಯನ್ನು ದೊಡ್ಡಪ್ಪ ತಂದುಕೊಟ್ಟಿದ್ದರು. ಹೆಣ್ಣುಮಕ್ಕಳಿಗೆಂದೇ ಇರುವ ಖಾತೆಯಂತೆ. ಅರ್ಜಿ ಈಗ ಅವಳ ಮಡಿಲಲ್ಲಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಾಸಿಂಗ ಕಟ್ಟುವವನಿದ್ದ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಬೆಂಡಿನಿಂದ ಮಾಡಿ ಊರಿನವರಿಗೂ ಪೇಟೆಯ ಅಂಗಡಿಗಳಿಗೂ ಮಾರುವುದು ಅವನ ಕಸುಬು. ಅವನಿಗೆ ಒಬ್ಬಳೇ ಮಗಳು. ಅಪ್ಪ ಬೆಂಡು ಕೊಯ್ದರೆ ಮಗಳು ಮುತ್ತು ಪೋಣಿಸುತ್ತಿದ್ದಳು. ಹತ್ತು ಬಾಸಿಂಗಕ್ಕೆ ಒಂದು ರೂಪಾಯಿ ಅವಳ ಪಾಲು.

ಹುಡುಗಿಯ ತಾಯಿ ಹೆರಿಗೆಯಲ್ಲಿ ಸತ್ತಿದ್ದಳು. ಮದ್ದು ಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ. ಹದಿನಾಲ್ಕು ತುಂಬಿದಾಗ ಹುಡುಗಿಗೆ ತಾನೇ ಅದನ್ನು ಕಲಿಯಬೇಕೆನಿಸಿತು. ಪೇಟೆಯಲ್ಲಿದ್ದ ಒಬ್ಬ ವೈದ್ಯೆ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಳು. ಹದಿನೆಂಟು ಆದವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದಳು. ಊಟ, ವಸತಿ, ಕಲಿಕೆ ಎಲ್ಲ ಸೇರಿ ನೂರ ನಲವತ್ತು ರೂಪಾಯಿ.

ಅಪ್ಪ ಬೇಡವೆನ್ನಲಿಲ್ಲ. ದುಡ್ಡು ನೀನೇ ಕೂಡಿಸು, ಕಳಿಸುತ್ತೇನೆ ಎಂದ. ಮಗಳ ಮದುವೆ ಮಾಡಲು ಅವನ ಬಳಿ ಕಾಸಿರಲಿಲ್ಲ. ಹೆಣ್ಣು ಕೇಳಿ ಬಂದವರಿಗೆಲ್ಲ ಅದನ್ನೇ ಹೇಳಿ ಕಳಿಸುತ್ತಿದ್ದ.

ಕೂಡಿಸಿದ್ದನ್ನು ಎಲ್ಲಿಡುವುದು? ಹುಡುಗಿ ಊರಿನ ವ್ಯಾಪಾರಿಯನ್ನು ಕೇಳಿದಳು. ವರ್ಷಕ್ಕೆ ನೂರಕ್ಕೆ ಮೂರು ಕೊಡುತ್ತೇನೆ, ಬೇಕೆಂದು ಬೆಳಗ್ಗೆ ಬಂದರೆ ಮಧ್ಯಾಹ್ನಕ್ಕೆ ಎಣಿಸಿ ಕೊಡುತ್ತೇನೆ ಎಂದು ವ್ಯಾಪಾರಿ ಹೇಳಿದ. ಮೂರು ಅವಳಿಗೆ ಕಡಿಮೆ ಎನಿಸಿತು.

ಹುಡುಗಿ ಕಣ್ಣು ಬಿಟ್ಟುಕೊಂಡು ಬದುಕುವವಳು. ಬಾಸಿಂಗ ಒಪ್ಪಿಸಲು ಊರಿನ ಪ್ರತಿ ಮದುವೆಗೂ ಹೋಗುತ್ತಿದ್ದಳು. ಧಾರೆ ಮುಗಿದ ಮೇಲೆ ಬಂದವರು ತಟ್ಟೆಗೆ ಮುಯ್ಯಿ ಹಾಕುತ್ತಿದ್ದರು. ಇಂಥವರದು ಇಷ್ಟು ಎಂದು ಒಬ್ಬ ಕೂಗಿ ಓದುತ್ತಿದ್ದ, ಇನ್ನೊಬ್ಬ ಬರೆದುಕೊಳ್ಳುತ್ತಿದ್ದ. ಅವಳು ಕಂಬದ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕೇಳುತ್ತ ಕೇಳುತ್ತ ಒಂದು ಸಂಗತಿ ಗಮನಕ್ಕೆ ಬಂತು. ಎರಡು ರೂಪಾಯಿ ಹಾಕಿದವರಿಗೆ ಅವರ ಮನೆಯ ಮದುವೆಯಲ್ಲಿ ಮೂರು ಬರುತ್ತಿತ್ತು. ಅಷ್ಟಕ್ಕಷ್ಟೇ ತೀರಿಸುವುದು ಆ ಊರಿನಲ್ಲಿ ನಾಚಿಕೆಗೇಡು. ತೀರಿಸದೇ ಇದ್ದವರಂತೂ ಇಲ್ಲವೇ ಇಲ್ಲ. ಕಿವಿಯ ಓಲೆ ಮಾರಿ ಮುಯ್ಯಿ ತೀರಿಸಿದ ಹೆಂಗಸನ್ನು ಅವಳು ಕಂಡಿದ್ದಳು. ವ್ಯಾಪಾರಿಯೊಬ್ಬ ದಿವಾಳಿಯಾಗಬಹುದು, ಇಡೀ ಊರು ದಿವಾಳಿಯಾಗುವುದಿಲ್ಲ ಎಂದು ಯೋಚಿಸಿದಳು.

ಮುಂದಿನ ಮದುವೆಯಲ್ಲಿ ಎರಡು ರೂಪಾಯಿ ತಟ್ಟೆಗೆ ಹಾಕಿದಳು. ಬರೆಯುವವನು ಅವಳ ಅಪ್ಪನ ಹೆಸರು ಬರೆಯಲು ಹೊರಟ. ನನ್ನ ಹೆಸರಿಗೇ ಬರೆಯಿರಿ ಎಂದಳು. ಹೆಂಗಸರೆಲ್ಲ ತಿರುಗಿ ನೋಡಿದರು.

“ಏನೇ, ಗಂಡು ಹುಡುಕುವ ಮೊದಲೇ ತಟ್ಟೆ ಹುಡುಕಿಕೊಂಡೆಯಾ?” ಎಂದು ಒಬ್ಬಳು ಕೆಣಕಿದಳು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು.

ನಾಲ್ಕು ವರ್ಷದಲ್ಲಿ ಊರಿನಲ್ಲಿ ಐವತ್ತು ಮದುವೆಗಳಾದವು. ಐವತ್ತು ಮನೆಗೆ ಎರಡೆರಡರಂತೆ ನೂರು ರೂಪಾಯಿ ಹೋಯಿತು. ಬರಬೇಕಾದದ್ದು ನೂರೈವತ್ತು. ವೈದ್ಯೆಗೆ ಕೊಟ್ಟು ಉಳಿಯುವ ಹತ್ತರಲ್ಲಿ ಮದ್ದು ಅರೆಯುವ ಒಂದು ಕಲ್ಲು ಕೊಳ್ಳಬೇಕೆಂದು ಅವಳು ಆಗಲೇ ಅಂಗಡಿಯಲ್ಲಿ ನೋಡಿಟ್ಟಿದ್ದಳು.

ಹದಿನೆಂಟು ತುಂಬಿದ ವಾರ ಮೊದಲ ಮನೆಗೆ ಹೋದಳು. ಮನೆಯೊಡತಿ ಮಣೆ ಹಾಕಿ ಕೂರಿಸಿದಳು. ಬೆಲ್ಲ ನೀರು ತಂದುಕೊಟ್ಟಳು. ಹುಡುಗಿ ಮುಯ್ಯಿಯ ಮಾತೆತ್ತಿದಳು.

“ಅದು ನಮ್ಮ ತಲೆಯ ಮೇಲಿದೆ ತಾಯಿ, ಮರೆತಿಲ್ಲ. ಮೂರಲ್ಲ, ನಾಲ್ಕೇ ಹಾಕುತ್ತೇವೆ. ಮದುವೆ ಎಂದು?”

“ಮದುವೆ ಇಲ್ಲ. ಓದಲು ಹೋಗುತ್ತಿದ್ದೇನೆ. ದುಡ್ಡು ಈಗ ಬೇಕು.”

ಮನೆಯೊಡತಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಮುಯ್ಯಿಯನ್ನು ಮದುವೆಗೆ ಹಾಕುತ್ತೇವೆ ಮಗಳೇ. ಮದುವೆಯಾಗದೆ ಸತ್ತರೆ ಹನ್ನೊಂದನೆಯ ದಿನಕ್ಕೆ ಹಾಕುತ್ತೇವೆ. ನಡುವೆ ಕೊಡುವ ರೂಢಿ ಇಲ್ಲ.”

ಹುಡುಗಿ ಮಣೆಯಿಂದ ಎದ್ದಳು. ನಾಲ್ಕು ವರ್ಷ ಎಷ್ಟು ಬರುತ್ತದೆ ಎಂದು ಎಣಿಸಿದ್ದಳು. ಯಾವಾಗ ಬರುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಎರಡನೆಯ ಮನೆಯಲ್ಲೂ ಅದೇ ಮಾತು, ಐವತ್ತನೆಯ ಮನೆಯಲ್ಲೂ ಅದೇ ಮಾತು. ಯಾರೂ ಇಲ್ಲವೆನ್ನಲಿಲ್ಲ. ಯಾರೂ ಗದರಲಿಲ್ಲ. ಎಲ್ಲರೂ ಬೆಲ್ಲ ನೀರು ಕೊಟ್ಟರು. ಕೊನೆಗೆ ಅವಳು ವ್ಯಾಪಾರಿಯ ಬಳಿ ಹೋಗಿ, ಐವತ್ತು ಮನೆಯ ಮುಯ್ಯಿಯನ್ನೂ ನೀವೇ ಇಟ್ಟುಕೊಳ್ಳಿ, ನನಗೆ ನೂರ ನಲವತ್ತು ಕೊಟ್ಟರೆ ಸಾಕು ಎಂದು ಬೇಡಿದಳು. ವಸೂಲು ಮಾಡಬೇಕಾದರೆ ನಾನು ಮದುಮಗಳಾಗಬೇಕಲ್ಲ ತಾಯಿ ಎಂದು ವ್ಯಾಪಾರಿ ಹೇಳಿದ. ಹೇಳಿದ ಮೇಲೆ ಅವನಿಗೇ ನಗು ಬರಲಿಲ್ಲ.

ಹುಡುಗಿ ಬಂದು ಕೇಳಿಹೋದದ್ದು ಐವತ್ತು ಮನೆಗಳಿಗೂ ಚುಚ್ಚಿತು. ಹೆಣ್ಣು ಹುಡುಗಿಯ ಮುಯ್ಯಿಯನ್ನು ತಲೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ ಎಂಬ ಮಾತು ಬರಬಾರದಲ್ಲ. ಹಿರಿಯರು ಸೇರಿ ಬಾಸಿಂಗದವನ ಮನೆಗೆ ಬಂದರು. ಅವನ ಮುಂದೆ ಲೆಕ್ಕ ಹಾಕಿ ತೋರಿಸಿದರು. ಬರುವುದು ನೂರೈವತ್ತಕ್ಕೆ ಕಡಿಮೆಯಿಲ್ಲ. ಊಟಕ್ಕೆ ನೂರು ಸಾಕು, ಗಂಡಿನ ಕಡೆಯವರಿಗೆ ಐವತ್ತು. ಗಂಡನ್ನೂ ಅವರೇ ನೋಡಿಕೊಂಡು ಬಂದಿದ್ದರು.

ಬಾಸಿಂಗದವನು ಕೆಟ್ಟ ತಂದೆಯಲ್ಲ. ಇಷ್ಟು ವರ್ಷ ಮಗಳನ್ನು ಕಾದದ್ದು, ಮದುವೆಗೆ ದುಡ್ಡಿಲ್ಲ ಎಂಬ ಅವನ ಒಂದೇ ಮಾತು. ಆ ಮಾತನ್ನು ಈಗ ಮಗಳ ಉಳಿತಾಯವೇ ಅವನ ಬಾಯಿಂದ ಕಿತ್ತುಕೊಂಡಿತ್ತು. ಮಗಳ ಕಡೆ ನೋಡದೆ ತಲೆಯಾಡಿಸಿದ.

ಮದುವೆಯಾಯಿತು. ಅವಳ ತಟ್ಟೆಯ ಮುಂದೆ ಐವತ್ತು ಮನೆಯ ಹೆಸರು ಕೂಗಿದರು. ಒಂದು ಮನೆಯೂ ತಪ್ಪಲಿಲ್ಲ. ನೂರೈವತ್ತು ಬರಬೇಕಾದ ಕಡೆ ನೂರ ಅರವತ್ತೆರಡು ಬಂತು. ಅಷ್ಟು ಬಡ್ಡಿಯನ್ನು ಆ ಸೀಮೆಯ ಯಾವ ವ್ಯಾಪಾರಿಯೂ ಕಂಡಿರಲಿಲ್ಲ. ಸಂಜೆಗೆ ಅಡುಗೆಯವರಿಗೆ, ದಿನಸಿಯವರಿಗೆ, ಬೀಗರಿಗೆ ಕೊಟ್ಟು ತಟ್ಟೆ ಬರಿದಾಯಿತು. ಅವಳು ಹಿಂದೆ ಹಾಕಿದ್ದ ನೂರಕ್ಕಿಂತ ಹೆಚ್ಚಿಗೆ ಬಂದ ಅರವತ್ತೆರಡು ರೂಪಾಯಿ ಮಾತ್ರ ಹೊಸ ಮುಯ್ಯಿಯಾಗಿ ಅವಳ ತಲೆಯ ಮೇಲೆ ಉಳಿಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಬ್ಯಾಂಕಿನ ಲೆಕ್ಕವೆಂದು ನಕ್ಕಿದ್ದ ಶಿಷ್ಯ ಈಗ ಎದ್ದು ಕೂತಿದ್ದ. “ಹಾಗಾದರೆ ಅವಳಿಗೆ ಮೋಸ ಮಾಡಿದವರು ಯಾರು?” ಎಂದು ಕೇಳಿದ.

“ಯಾರೂ ಮಾಡಲಿಲ್ಲ. ಮಾಡಿದ್ದರೆ ಅವಳು ತಡವಾಗಿಯಾದರೂ ಪೇಟೆಗೆ ಹೋಗುತ್ತಿದ್ದಳು.”

ಶಿಷ್ಯನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಒಂದಷ್ಟು ಮನೆಗಳಾದರೂ ಕೈಯೆತ್ತಿದ್ದರೆ ಮದುವೆಗೆ ದುಡ್ಡು ಸಾಲುತ್ತಿರಲಿಲ್ಲ, ಹುಡುಗಿ ಮತ್ತೆ ಕೂಡಿಸಬಹುದಿತ್ತು ಎಂಬುದು ಆಮೇಲೆ ಹೊಳೆಯಿತು.

ದಾಕ್ಷಾಯಿಣಿ ಅಷ್ಟರಲ್ಲಿ ಮಡಿಲಿನ ಅರ್ಜಿಯನ್ನು ತಿರುಗಿಸಿದ್ದಳು. ಎಂಟೂವರೆ ಎಂದು ದಪ್ಪಕ್ಷರದಲ್ಲಿದ್ದ ಮುಂಬದಿಯನ್ನು ಎಷ್ಟೋ ಸಲ ಓದಿದ್ದಳು. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಿದ್ದವು. ಅವಳ ಕಣ್ಣು ಮೂರನೆಯ ಸಾಲಿನಲ್ಲಿ ನಿಂತಿತು. ಅದೇ ಸಾಲನ್ನು ಮತ್ತೆ ಮೊದಲಿಂದ ಓದಿದಳು. ಅದರಲ್ಲಿದ್ದ ಮದುವೆ ಎಂಬ ಪದದ ಮೇಲೆ ಬೆರಳಿಟ್ಟಳು.

“ನಿನ್ನ ದುಡ್ಡು ನಿನ್ನ ಕೈಗೆ ಯಾವಾಗ ಬರುತ್ತದೆ ಎಂದು ಬರೆದಿದೆ, ಓದಿ ಹೇಳಮ್ಮ,” ಎಂದರು ಗುರುಗಳು.