ದಂಡೆಯ ಮೇಲೆ ನಿಂತವನು

ಕೃಷ್ಣೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಅಲ್ಲಿ ಗುರುಪಾದಜ್ಜ ಎಂಬ ಗುರುಗಳಿದ್ದರು. ಚೆನ್ನವೀರ ಅವರ ಶಿಷ್ಯ.

ಅಜ್ಜ ಆಡುತ್ತಿದ್ದ ಮಾತೇ ಕಡಿಮೆ. ಆಡಿದಷ್ಟನ್ನು ಚೆನ್ನವೀರ ಫೋನಿನಲ್ಲಿ ಹಿಡಿದು ಜಾಲತಾಣಕ್ಕೆ ಹಾಕುತ್ತಿದ್ದ. ಗುರುಗಳ ಮಾತು ನಾಲ್ಕು ಜನಕ್ಕೆ ಮುಟ್ಟಲಿ ಎಂಬುದು ಅವನ ಆಸೆ. ನೋಡುವವರು ಮಾತ್ರ ಬೆರಳೆಣಿಕೆ. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಒಂದು ಸಂಜೆ ಅವನು ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದ. ನೀರು ಏರಿತ್ತು. ಅಂಬಿಗ ಯಂಕಪ್ಪ ಪರವೂರಿನ ಭಕ್ತರನ್ನು ಕೂರಿಸಿಕೊಂಡು ಆಚೆ ದಂಡೆಗೆ ಹೊರಟಿದ್ದ. ನಡುಹೊಳೆ ಮುಟ್ಟುವ ಮೊದಲೇ ದೋಣಿ ಹಿಂದಕ್ಕೆ ತಿರುಗಿತು.

ಆಚೆ ದಂಡೆಯಲ್ಲಿ ಕಾಯುತ್ತಿದ್ದವರು ಕೂಗಿ ಕರೆದರು. ಒಬ್ಬ ತಾಯಿ ತನ್ನ ಕೂಸನ್ನು ಎತ್ತಿ ಎತ್ತಿ ತೋರಿಸಿದಳು. ಯಂಕಪ್ಪ ಏನೋ ಕೂಗಿ, ಹೊರಟುಹೋಗಿ ಎಂಬಂತೆ ಕೈ ಬೀಸಿದ.

ಚೆನ್ನವೀರ ಅದನ್ನು ಫೋನಿನಲ್ಲಿ ಹತ್ತಿರಕ್ಕೆ ಎಳೆದು ಹಿಡಿದ. ಜಾಲತಾಣಕ್ಕೆ ಹಾಕಿ ಕೆಳಗೆ ಬರೆದ: ಕೂಸಿನ ತಾಯಿಗೂ ಕರಗದ ಅಂಬಿಗ.

ಅವನು ಸುಳ್ಳು ಬರೆಯಲಿಲ್ಲ. ಕಂಡದ್ದನ್ನೇ ಬರೆದೆ ಎಂದುಕೊಂಡಿದ್ದ.

ಬೆಳಗಾಗುವಷ್ಟರಲ್ಲಿ ಆ ವಿಡಿಯೋ ಅವನಿಗೆ ಗೊತ್ತೇ ಇರದ ಊರುಗಳನ್ನು ಸುತ್ತಿ ಬಂದಿತ್ತು. ಟೀವಿಯವರೊಬ್ಬರು ಫೋನ್ ಮಾಡಿದರು. ಏನಾಯಿತು ಎಂದು ಕೇಳಲಿಲ್ಲ. ವಿಡಿಯೋ ಬಳಸಿಕೊಳ್ಳಬಹುದೇ ಎಂದಷ್ಟೇ ಕೇಳಿದರು. ಮರುದಿನ ಪತ್ರಿಕೆಗಳಲ್ಲೂ ಬಂತು. ಕೂಸಿಗೆ ಬಂದಿದ್ದು ಬರೀ ಜ್ವರ, ಅದು ಆಗಲೇ ಗುಣವಾಗಿ ಆಡಿಕೊಂಡಿತ್ತು ಎಂಬುದು ಮಾತ್ರ ಎಲ್ಲಿಯೂ ಬರಲಿಲ್ಲ.

ಯಂಕಪ್ಪನ ದೋಣಿ ಹತ್ತುವವರಿಲ್ಲವಾದರು. ಯಾರೋ ದೋಣಿಗೆ ಕಲ್ಲೆಸೆದರು. ಅವನ ಹೆಂಡತಿ ದುರಗವ್ವ ನೀರಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಕೊನೆಗೆ ಪಂಚಾಯಿತಿಯವರು ಬಂದು ದೋಣಿಗೆ ಸರಪಳಿ ಬಿಗಿದು ಹೋದರು.

ಒಂದು ಮಧ್ಯಾಹ್ನ ಯಂಕಪ್ಪನೇ ಆಶ್ರಮಕ್ಕೆ ಬಂದ. ಯಂಕಪ್ಪ ಜಗಳ ತೆಗೆಯಲಿಲ್ಲ. ತನ್ನ ಫೋನಿನಲ್ಲಿ ಅಂಥದ್ದೆಲ್ಲ ಬರುವುದಿಲ್ಲ, ಎಲ್ಲರೂ ನೋಡಿದ್ದನ್ನು ತಾನೂ ಒಮ್ಮೆ ನೋಡಬೇಕು ಎಂದ.

ಚೆನ್ನವೀರ ತೋರಿಸಿದ. ಯಂಕಪ್ಪ ಬಾಗಿ ನೋಡಿದ.

"ಇದರಾಗ ನೀರು ಕಾಣಂಗಿಲ್ಲಲ್ರಿ ಸ್ವಾಮ್ಯಾರ."

"ಯಾವ ನೀರು?"

"ದೋಣ್ಯಾಗಿನ ನೀರು. ಹಲಗಿ ಬಿರದಿತ್ತು. ಒಳಗಿದ್ದವ್ರು ಬೊಗಸಿಲೆ ನೀರು ಚೆಲ್ಲಾಕತ್ತಿದ್ರು. ಬರಬ್ಯಾಡ್ರಿ, ರಸ್ತೆ ಹಿಡೀರಿ ಅಂತ ನಾ ಆಚಿ ದಂಡಿಗೆ ಕೂಗಿ ಹೇಳೀನಿ. ಅಲ್ಲಿ ನಿಂತಿದ್ದ ಬಡಿಗೇರ ಮಾಸ್ತರ ಕೇಳಿಸ್ಕೊಂಡು ಕೈ ಎತ್ತಿದ್ರು."

ಅಷ್ಟು ಹೇಳಿ ಯಂಕಪ್ಪ ಎದ್ದು ಹೋದ.

ಚೆನ್ನವೀರ ಅವತ್ತೇ ನಿಜವನ್ನು ಬರೆದು ಹಾಕಿದ. ಮೊದಲಿನ ಬೆರಳೆಣಿಕೆಯ ಜನ ನೋಡಿದರು. ಟೀವಿಯವರಿಗೆ ಫೋನ್ ಮಾಡಿದರೆ ಅದು ಮುಗಿದ ಸುದ್ದಿ ಎಂದರು. ಪತ್ರಿಕೆಯ ಸ್ಥಳೀಯ ವರದಿಗಾರ ಮಾತ್ರ ಸಂಕೋಚದಿಂದ ಮಾತಾಡಿದ. ತಾನು ದಂಡೆಗೆ ಬಂದು ವಿಚಾರಿಸಬೇಕೆಂದೇ ಇದ್ದೆ, ಅಷ್ಟರಲ್ಲಿ ಊರೆಲ್ಲ ನೋಡಿಬಿಟ್ಟಿತ್ತು, ಎಲ್ಲರೂ ನೋಡಿದ್ದನ್ನು ನೀನೊಬ್ಬ ಯಾಕೆ ಬರೆದಿಲ್ಲ ಎಂದು ಆಫೀಸಿನವರು ಕೇಳಿದರು ಎಂದ.

ಸಾಕ್ಷಿ ತಂದರೆ ಬರೆಯುತ್ತೀರಾ ಎಂದು ಚೆನ್ನವೀರ ಕೇಳಿದ. ನೋಡೋಣ ಎಂದ ವರದಿಗಾರ.

ದೋಣಿಯಲ್ಲಿದ್ದ ಭಕ್ತರ ಊರು ಹೆಸರು ಯಾರಿಗೂ ತಿಳಿದಿರಲಿಲ್ಲ. ಕೂಗು ಕೇಳಿಸಿಕೊಂಡವರೆಂದು ಗೊತ್ತಿದ್ದವರು ಬಡಿಗೇರ ಮಾಸ್ತರರೊಬ್ಬರೇ. ಸೇತುವೆ ಸುತ್ತಿ ಹೋಗುವ ಬಸ್ಸು ಹಿಡಿದು ಚೆನ್ನವೀರ ಆಚೆ ದಂಡೆಯ ಊರಿಗೆ ಹೋದ.

ಮಾಸ್ತರರು ನಿವೃತ್ತ ಶಿಕ್ಷಕರು, ಸುಳ್ಳಾಡದವರು. ಚಹಾ ತರಿಸಿ ಕೂರಿಸಿಕೊಂಡರು. ಸಂಗತಿಯನ್ನೆಲ್ಲ ಕೇಳಿದರು.

"ಯಂಕಪ್ಪ ಕೂಗಿದ್ದು ಖರೆ. ನಾನೂ ಕೈ ಎತ್ತಿದ್ನಿ ಅಂತ ಅನಸ್ತೈತಿ. ಆದ್ರ ವಿಡಿಯೋದಾಗ ಹಂಗ ಕಾಣಂಗಿಲ್ಲಲ್ಲ."

"ನೀವು ಅಲ್ಲೇ ನಿಂತಿದ್ರಲ್ರಿ ಮಾಸ್ತರ."

"ನಿಂತಿದ್ನಿ. ಆದ್ರ ಎಷ್ಟು ಸರ್ತಿ ನೋಡೀನಿ ಅದನ್ನ. ನೋಡಿದಷ್ಟೂ ಅಂವ ನಮ್ಮನ್ನ ಬೈಯಾಕತ್ತಾನ ಅಂತನ ಕಾಣತೈತಿ. ಟೀವಿ, ಪೇಪರು, ಎಲ್ಲಾರೂ ಅದನ್ನ ಹೇಳ್ಯಾರ. ನಾನ ತಪ್ಪು ಕೇಳಿಸ್ಕೊಂಡಿರಬೇಕು."

ಚಹಾ ಹಾಗೇ ಆರಿತು.

ಅವನು ಮರಳಿ ಬಂದಾಗ ಯಂಕಪ್ಪನ ಮನೆಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ ರತ್ನಾಗಿರಿಗೆ ಹೋದರಂತೆ, ಅಲ್ಲಿ ಯಾರದೋ ಮೀನಿನ ದೋಣಿಯಲ್ಲಿ ಕೂಲಿ ಸಿಗುತ್ತದಂತೆ ಎಂದು ನೆರೆಯವರು ಹೇಳಿದರು.

ಗುರುಪಾದಜ್ಜ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಚೆನ್ನವೀರ ಎಲ್ಲವನ್ನೂ ಹೇಳಿಕೊಂಡ. ಮಾಸ್ತರರ ಮಾತನ್ನು ಹೇಳುವಾಗ ಅವನಿಗೆ ಸಿಟ್ಟು ಬಂತು. ಕಣ್ಣಾರೆ ಕಂಡು, ಕಿವಿಯಾರೆ ಕೇಳಿದವರೇ ಹೀಗಂದರೆ ಇನ್ನು ಯಾರನ್ನು ನಂಬಲಿ ಎಂದ.

ಅಜ್ಜ ಕೇಳಿದರು: "ಆ ಸಂಜಿ ನೀ ಏನು ನೋಡಿದಿ?"

ಚೆನ್ನವೀರ ಜೇಬಿಗೆ ಕೈ ಹಾಕಿದ.

"ಅದು ಬ್ಯಾಡ. ನೀ ಹೇಳು."

ಚೆನ್ನವೀರ ಹೇಳಿದ. ದೋಣಿ ತಿರುಗಿದ್ದು, ತಾಯಿ ಕೂಸನ್ನೆತ್ತಿದ್ದು, ಯಂಕಪ್ಪ ಕೈ ಬೀಸಿದ್ದು.

"ಆಮ್ಯಾಲೆ?"

"ದೋಣಿ ಈ ದಂಡಿಗೆ ಬಂತ್ರಿ ಅಜ್ಜಾರ. ಮಂದಿ ಇಳಿದ್ರು."

"ಇಳಿದವ್ರ ಮೈಮ್ಯಾಲಿನ ಅರಿವಿ ತೊಯ್ದಿದ್ದುವೇನು?"

ಚೆನ್ನವೀರ ನೆನಪಿಸಿಕೊಳ್ಳಲು ನೋಡಿದ. ಅವರೆಲ್ಲ ಇದೇ ಮೆಟ್ಟಿಲು ಹತ್ತಿ, ಅವನ ಪಕ್ಕದಲ್ಲೇ ಹಾದುಹೋಗಿರಬೇಕು. ಒಬ್ಬರ ಮುಖವೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ರಿ ಅಜ್ಜಾರ. ಆವಾಗ ನಾ ಫೋನಿನಾಗ ಬರ್ಯಾಕತ್ತಿದ್ನಿ."

ಅಜ್ಜ ಹೊಳೆಯ ಕಡೆ ನೋಡಿದರು. ಆಚೆ ದಂಡೆಯನ್ನೂ ಒಮ್ಮೆ ನೋಡಿದರು.

"ಹಂಗಾರ ಆ ಸಂಜಿ ಎರಡೂ ದಂಡಿ ಮ್ಯಾಲ ಯಾರೂ ಇರಲಿಲ್ಲ."